ನೆತ್ತಿಯ ಕಲ್ಲು

"ಏ ಜುಬೇದಾ, ಹೊರಗ ಬಾ! ನಿನ್ನ ಗಂಡ ನಿಂದ್ರತಾನ," ಮೇಸ್ತ್ರಿ ಗನಿಸಾಬ ಗದರಿದ.

ಕಮಾನಿನ ಕೆಳಗಿಂದ ಜುಬೇದಾ ಕದಲಲಿಲ್ಲ. ಫ್ರಾನ್ಸಿನ ತಮ್ಮೂರಲ್ಲಿ ಏಳುನೂರು ವರ್ಷದಿಂದ ನಿಂತಿರುವ ಇಗರ್ಜಿಯ ಚಿತ್ರ ತೋರಿಸಿ, ಫಾದರ್ ಈ ವಡಾಲ ಊರಿನ ಇಗರ್ಜಿಗೂ ಅಂಥದೇ ಚೂಪು ಕಮಾನು ಕಟ್ಟಿಸಿದ್ದರು. ಕಮಾನನ್ನು ಬಿಗಿಯುವ ಕೊನೆಯ, ನೆತ್ತಿಯ ಕಲ್ಲು ಕೂರಿಸಿದ ಗೌಂಡಿಯೇ, ಕಟ್ಟಿಗೆಯ ಆಸರೆ ತೆಗೆಯುವಾಗ ಕೆಳಗೆ ನಿಲ್ಲಬೇಕೆಂಬುದು ಕಲ್ಲು ಕಟ್ಟುವ ಇವರ ರೂಢಿ. ಗೌಂಡಿಯಾಗಿದ್ದ ಗಂಡ ಮುರ್ತುಜಾನ ಬಲಗೈ ಜಜ್ಜಿಹೋಗಿದ್ದರಿಂದ ಆ ಕಲ್ಲು ಕೂರಿಸಿದವಳು, ಅಲ್ಲಿಯವರೆಗೆ ಗಾರೆ ಹೊರುತ್ತಿದ್ದ ಜುಬೇದಾ.

"ಇಟ್ಟಾಕಿ ನಾನು, ನಿಂದ್ರಾಕಿನೂ ನಾನ. ಇವತ್ತ ಸರದರ ನಾಳೆ ಮತ್ತ ನನಗ ಗಾರಿ ಬುಟ್ಟೀನ," ಎಂದಳು. ಗಂಡನತ್ತ ತಿರುಗಿ, "ಹೊಡೀರಿ."

ಮುರ್ತುಜಾ ಎಡಗೈಯಲ್ಲಿ ಸುತ್ತಿಗೆ ಎತ್ತಿ ಆಸರೆಯ ಬೆಣೆಗೆ ಹೊಡೆದ. ಆಸರೆ ಕಲ್ಲಿನಿಂದ ಕಳಚಿ ಕೆಳಗಿಳಿಯಿತು. ಅವಳ ಸೆರಗಿನ ಮೇಲೆ ಹಿಡಿ ಸುಣ್ಣದ ಪುಡಿ ಉದುರಿತು, ಅಷ್ಟೇ.

ಗನಿಸಾಬ ಗಂಟಲು ಸರಿಮಾಡಿಕೊಂಡ. "ಗೌಂಡ್ಯಾರ, ಹೊರಗ ಬರ್ರಿ."