ಪುಸ್ತಕದಲ್ಲಿಲ್ಲದ ಊಟ

ಅರಿಸಿನ ಬೇಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಈಗಲೂ ನಾನು ಭೀಮನಬೀಡಿನ ಆ ಮಧ್ಯಾಹ್ನಕ್ಕೆ ಹೋಗಿ ಕೂರುತ್ತೇನೆ.

ನಮ್ಮ ಹೊಲದಲ್ಲಿ ಅರಿಸಿನದ ಕೊಪ್ಪರಿಗೆ ಕುದಿಯುತ್ತಿತ್ತು. ಅಜ್ಜಿ ಒಲೆಗೆ ತೆಂಗಿನ ಗರಿ ತುಂಬುತ್ತಿದ್ದಳು. ಕೇರಳದ ಕಡೆಯಿಂದ ಬಂದಿದ್ದ ಕ್ರೈಸ್ತ ಪ್ರಚಾರಕರೊಬ್ಬರು ಎದುರಿಗೆ ಗೋಣಿಚೀಲದ ಮೇಲೆ ಕುಳಿತು ಯೇಸುವಿನ ಕತೆ ಹೇಳುತ್ತಿದ್ದರು. ಅಜ್ಜಿಗೆ ಆ ಕತೆ ಹೊಸದು.

“ಬೆಂಕಿ ಆರೋಯ್ತದೆ ಕಣವ್ವ, ಅವ್ರ್ನ ಕಳ್ಸು,” ಎಂದು ಅಪ್ಪ ಗೊಣಗಿದರು. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಮಗನನ್ನು ಶಿಲುಬೆಗೆ ಜಡಿದಾಗ ತಾಯಿ ಅಲ್ಲೇ ನಿಂತಿದ್ದಳು ಎಂದು ಪ್ರಚಾರಕರು ಹೇಳಿದರು. ಅಜ್ಜಿಯ ಕೈಯಲ್ಲಿದ್ದ ಗರಿ ಅಲ್ಲೇ ನಿಂತಿತು.

“ಅವತ್ತು ಆ ತಾಯ್ಗೆ ಉಣ್ಣಕ್ಕೆ ಯಾರಪ್ಪ ತಂದ್ಕೊಟ್ರು?”

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೇ ಅನ್ನ ಬೇಯಿಸಿ ತರುತ್ತಾರೆ.

ಪ್ರಚಾರಕರು ಬೆವರಿದ ಬೆರಳಿನಿಂದ ತಮ್ಮ ಬೈಬಲಿನ ತೆಳ್ಳನೆಯ ಪುಟಗಳನ್ನು ಬಹಳ ಹೊತ್ತು ಮಗುಚಿದರು. “ಇದರಲ್ಲಿ ಬರೆದಿಲ್ಲ ಅಮ್ಮ.”

“ಬರ್ಯೋರು ಮರ್ತವ್ರೆ ಕಣಪ್ಪ,” ಅಂದಳು ಅಜ್ಜಿ. “ಮಗನ್ನ ಕಳ್ಕೊಂಡೋಳ್ನ ಅಕ್ಕಪಕ್ಕದೋರು ಉಪಾಸ ಬುಡ್ತಾರಾ? ನೀನು ಓಗೋ ಊರ್ನಲ್ಲೆಲ್ಲ ಅದ್ನೂ ಸೇರ್ಸಿ ಯೇಳು.”

ಅವರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಶಿಲುಬೆಯ ಕತೆಯಿದ್ದ ಪುಟದ ಅಂಚಿನಲ್ಲಿ ಅಜ್ಜಿಯ ಮಾತನ್ನು ಬರೆದುಕೊಂಡರು.