ಹೆಗಲ ಮೇಲಿನ ಕೈ

ಚಿತ್ರದಲ್ಲಿ ಗಂಡನ ಕೈ ಅವಳ ಹೆಗಲ ಮೇಲಿರಲಿಲ್ಲ. ಕುರ್ಚಿಯ ಬೆನ್ನಿನ ಮೇಲಿತ್ತು.

ಮನೆಮಂದಿಯ ಚಿತ್ರಕ್ಕೆ ಕೂತೂ ಕೂತೂ ಕಾಲು ಜೋಮು ಹಿಡಿಯಿತೆಂದು ಎದ್ದ ಸೊಸೆ, ಚಿತ್ರಗಾರನ ಹಿಂದೆ ಹೋಗಿ ಇಣುಕಿದ್ದಳು, ಅಷ್ಟೇ. ಬೆಳಗಿನಿಂದ ಗಂಡ ಅವಳ ಹೆಗಲಿಗೆ ಕೈಯಿಟ್ಟೇ ನಿಂತಿದ್ದ. ಅದರ ಬಿಸಿ ಇನ್ನೂ ಆರಿರಲಿಲ್ಲ. ಬೇಕರಿಯವನ ಮಗಳು ಈ ಬಂಗಲೆಯ ಗೋಡೆ ಏರುತ್ತಾಳೆ, ಮೀಸೆ ತಿರುವಿದ ಮುತ್ತಜ್ಜಂದಿರ ಚಿತ್ರಗಳ ಸಾಲಿಗೆ ಸೇರುತ್ತಾಳೆ, ಇನ್ನು ಯಾರೂ ಅವಳನ್ನು ‘ಆ ಹುಡುಗಿ’ ಅನ್ನುವುದಿಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದಳು ಪಾಪ.

“ಕೈ ಯಾಕೆ ಇಲ್ಲಿದೆ?”

ಚಿತ್ರಗಾರ ಸುಳ್ಳು ಹೇಳಲು ಬಾರದ ಮನುಷ್ಯ. “ಹೆಗಲ ಮೇಲೆ ಬರೆದ್ರೆ ಆಮೇಲೆ ಅಳಿಸೋದು ಕಷ್ಟ ಅಮ್ಮ. ಕುರ್ಚಿ ಮೇಲಿದ್ರೆ, ಕೂತಿರೋರನ್ನ ತೆಗೆದ್ರೂ ಕೈ ಹಾಗೇ ಇರುತ್ತೆ. ಅಮ್ಮಾವ್ರೇ ಹೇಳಿದ್ದು.”

“ಕೂತಿರೋಳು ನಾನು!”

ನಡುವೆ ಕೂತಿದ್ದ ಅತ್ತೆ ಕತ್ತು ಕೂಡ ತಿರುಗಿಸಲಿಲ್ಲ. “ಅದಕ್ಯಾಕೆ ಮುಖ ಊದಿಸ್ಕೋತೀಯ? ಈ ಚಿತ್ರ ತಲೆಮಾರುಗಟ್ಟಲೆ ಇರಬೇಕಾದದ್ದು. ನಾಳೆ ಹೇಗೋ ಏನೋ, ಯಾರು ಕಂಡಿದ್ದಾರೆ? ನಿನ್ನನ್ನ ಬರೆಸ್ತಾ ಇದೀವಲ್ಲ, ಅದೇ ದೊಡ್ಡದು.”

ಅವಳ ಮೈಯೆಲ್ಲ ಉರಿದುಹೋಯಿತು. ಈ ಮನೆಗೆ ಬಂದಮೇಲೆ ಸದ್ದಿಲ್ಲದೆ ನಗುವುದನ್ನು ಕಲಿತಿದ್ದಳು, ತಟ್ಟೆಯಲ್ಲಿ ಒಂದಿಷ್ಟು ಬಿಟ್ಟು ಏಳುವುದನ್ನು ಕಲಿತಿದ್ದಳು, ಹೆತ್ತ ಅಪ್ಪನನ್ನು ಹಿತ್ತಲ ಬಾಗಿಲಲ್ಲೇ ಮಾತಾಡಿಸಿ ಕಳಿಸುವುದನ್ನೂ ಕಲಿತಿದ್ದಳು. ಹಾಳಾದ್ದು, ಅದನ್ನೂ! ಅಷ್ಟೆಲ್ಲ ಮಾಡಿ ಸಿಕ್ಕಿದ್ದು, ಬೇಡವೆಂದಾಗ ಒರೆಸಿಹಾಕಲು ಅನುಕೂಲವಾದ ಒಂದು ಜಾಗ.

ಅವಳು ಅತ್ತೆಯನ್ನು ಬಿಟ್ಟು ಗಂಡನತ್ತ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ಅಮ್ಮನ ಸಮಾಧಾನಕ್ಕೆ ಕಣೇ. ಬರೀ ಬಣ್ಣ ತಾನೇ? ನಿಜವಾದ ಕೈ ನಿನ್ನ ಹೆಗಲ ಮೇಲೇ ಇತ್ತಲ್ಲ! ಬಾ, ಕೂತ್ಕೋ, ಬೆಳಕು ಹೋಗುತ್ತೆ.”

ಅವಳು ಆ ನಿಜವಾದ ಕೈಯನ್ನು ನೋಡಿದಳು. ಅವಳು ಎದ್ದುಹೋದ ಮೇಲೆ ಗಂಡ ನಿಂತಲ್ಲಿಂದ ಕದಲಿರಲಿಲ್ಲ. ಕೈ ತಾನಾಗಿಯೇ ಖಾಲಿ ಕುರ್ಚಿಯ ಬೆನ್ನಿಗೆ ಇಳಿದು ಆರಾಮಾಗಿ ಕೂತಿತ್ತು, ಥೇಟ್ ಚಿತ್ರದಲ್ಲಿದ್ದ ಹಾಗೆ.

ಅವಳು ಸೀದಾ ಹೋಗಿ ಮುಂಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು ಚಿತ್ರಗಾರನಿಗೆ ಹೇಳಿದಳು:

“ಕೈ ಸರಿಯಾಗೇ ಬರೆದಿದ್ದೀರಿ. ನನ್ನನ್ನ ಈಗಲೇ ಒರೆಸಿಬಿಡಿ, ಬಣ್ಣ ಇನ್ನೂ ಹಸಿ ಇದೆ.”