ಹಿತ್ತಲಿನ ಎರಡನೇ ಪೈಪು

ಚರಂಡಿ ಚೇಂಬರಿನ ಮುಚ್ಚಳ ಎತ್ತಿದ ಪ್ಲಂಬರ್ ರಾಜೇಂದ್ರ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ. “ಮನೇಲಿ ಯಾರೋ ನಲ್ಲಿ ಬಿಟ್ಟವ್ರೆ ಸಾ.”

“ಎಲ್ಲಾ ನಿಲ್ಲಿಸಿದೀನಿ. ಟ್ಯಾಂಕಿನ ವಾಲ್ವೂ ಬಂದ್ ಮಾಡಿದೀನಲ್ಲ!” ಎಂದ ರಘೂತ್ತಮ. ನಂಜನಗೂಡಿನ ಹೈಸ್ಕೂಲು ಮೇಷ್ಟ್ರು ಅವನು. ಮಂಡಿನೋವಿನ ತಾಯಿಗೆಂದು ಹಿತ್ತಲಲ್ಲಿ ಬಚ್ಚಲುಮನೆಯೂ ಇರುವ ಒಂದು ಕೋಣೆ ಕಟ್ಟಿಸಲು ಹೊರಟಿದ್ದ. ಪಾಯ ತೋಡುವ ಮುಂಚೆ ನೆಲದಡಿಯ ಚರಂಡಿ ಎಲ್ಲೆಲ್ಲಿ ಹೋಗಿದೆ ನೋಡಿಸಿ ಎಂದು ಮೇಸ್ತ್ರಿ ಹೇಳಿದ್ದ.

ನೀರು ಹರಿಯುತ್ತಲೇ ಇತ್ತು. ಸೋಪಿನ ನೊರೆಯ ಹಿಂದೆ ನಾಲ್ಕು ಅನ್ನದ ಅಗುಳು ತೇಲಿಬಂದವು. ರಘೂತ್ತಮ ದಂಗಾದ. ಅಂದು ಏಕಾದಶಿ, ಅವರ ಮನೆಯಲ್ಲಿ ಅಕ್ಕಿ ಬೇಯಿಸಿಯೇ ಇರಲಿಲ್ಲ.

“ಎರಡು ಪೈಪವೆ ಸಾ. ಒಂದು ನಿಮ್ದು. ಇನ್ನೊಂದು ಹಿಂದ್ಲು ಕಾಂಪೌಂಡಿಂದ ಬತ್ತಾ ಅದೆ, ನೀವು ಪಾಯ ತೋಡೋ ಜಾಗದ ಕೆಳಗೇ. ಯಾರೋ ಕದ್ದು ಕನೆಕ್ಷನ್ ಕೊಟ್ಕಂಡವ್ರೆ.”

ಕಾಂಪೌಂಡಿಗೆ ತಾಗಿದಂತೆ ಇದ್ದದ್ದು ಒಂದೇ ಮನೆ, ಹಿಂದಿನ ಕೇರಿಯ ಪಾಪಮ್ಮನದು. ಮೊನ್ನೆ ಪಾಯದ ಗುರುತಿಗೆ ಸುಣ್ಣದ ಗೆರೆ ಎಳೆಯುವಾಗ ಆಕೆ ಗೋಡೆಯಾಚೆಯಿಂದ ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಯಾಕೆಂದು ಈಗ ತಿಳಿಯಿತು ಎಂದುಕೊಂಡ ರಘೂತ್ತಮನಿಗೆ ಮೈ ಉರಿಯಿತು.

“ಸಿಮೆಂಟ್ ಕಲಸಿ ಮುಚ್ಚಿಬಿಡು.”

“ಮುಚ್ಚಬೇಡಪ್ಪಾ!”

ಹಿತ್ತಲ ಬಾಗಿಲಲ್ಲಿ ತಾಯಿ ಜಾನಕಮ್ಮ ನಿಂತಿದ್ದರು. ತಮಗಾಗಿಯೇ ಕಟ್ಟುವ ಕೋಣೆಗೆ ಅವರು ಒಂದು ತಿಂಗಳಿಂದ ಅಡ್ಡ ಮಾತಾಡುತ್ತಿದ್ದರು. ವಾಸ್ತು ಸರಿಯಿಲ್ಲ, ತುಳಸಿಗೆ ಬಿಸಿಲು ತಪ್ಪುತ್ತೆ, ಮಂಡಿನೋವು ಈಗ ಪರವಾಗಿಲ್ಲ. ರಘೂತ್ತಮನ ಅನುಮಾನ ಗೋಡೆಯಾಚೆಯಿಂದ ಮನೆಯೊಳಕ್ಕೆ ತಿರುಗಿತು.

“ನಿನಗೆ ಗೊತ್ತಿತ್ತಾ ಅಮ್ಮ?”

ಜಾನಕಮ್ಮ ಮೆಟ್ಟಿಲ ಮೇಲೆ ಕೂತರು. “ಹಾಕಿಸಿದ್ದೇ ನಿಮ್ಮಪ್ಪ ಕಣೋ. ನೀನಾಗ ನರಸೀಪುರದಲ್ಲಿ ಕೆಲಸದಲ್ಲಿದ್ದೆ. ಬೀದಿಗೆ ಯುಜಿಡಿ ಒಳಚರಂಡಿ ಬಂದಾಗ, ಕೇರಿಯವರ ಪೈಪು ನಮ್ಮ ಬೀದೀಗೆ ಸೇರಕೂಡದು ಅಂತ ಎಲ್ಲರೂ ಅರ್ಜಿ ಕೊಟ್ರು. ಬರೆದುಕೊಟ್ಟದ್ದು ನಿಮ್ಮಪ್ಪನೇ. ಆ ಮಳೆಗಾಲ ಪಾಪಮ್ಮನ ಬಾಗಿಲಲ್ಲಿ ಕೊಳಚೆ ನಿಂತು, ಅವಳ ಮಗು ವಾಂತಿಭೇದಿ ಆಗಿ ಹೋಗಿಬಿಡ್ತು.”

ಮಂಡಿ ನೀವಿಕೊಳ್ಳುತ್ತಾ ಮುಂದುವರಿಸಿದರು: “ಆಮೇಲೆ ನಿಮ್ಮಪ್ಪನಿಗೆ ಅನ್ನ ಸೇರಲಿಲ್ಲ. ಒಂದಿನ ಬೆಳಕು ಹರಿಯೋ ಮುಂಚೆ ಅವಳ ಗಂಡನ್ನ ಕರೆದು, ಇಬ್ಬರೇ ಅಗೆದು ಪೈಪು ಹೂತರು. ಬೀದಿಯವರಿಗೆ ತಿಳೀಬಾರದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡ್ರು. ಅವರು ತೀರಿಕೊಂಡ ಮೇಲೂ ನಾನು ಬಾಯಿ ಬಿಟ್ಟಿರಲಿಲ್ಲ.”

ರಾಜೇಂದ್ರ ಚೇಂಬರಿನ ಮುಚ್ಚಳ ಮುಚ್ಚಿದ.

ರಘೂತ್ತಮ ಬೀದಿ ಸುತ್ತಿಕೊಂಡು ಕೇರಿಗೆ ಹೋದ. ಪಾಪಮ್ಮನ ಮನೆಯ ಮುಂಬಾಗಿಲನ್ನು ಅವನು ನೋಡಿದ್ದು ಅದೇ ಮೊದಲು. ಅವನನ್ನು ಕಂಡದ್ದೇ ಪಾಪಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು.

“ಕಟ್ ಮಾಡ್ಸಾಕೆ ಬಂದ್ರಾ ಮೇಷ್ಟ್ರೇ?”

“ಇಲ್ಲಮ್ಮ. ಅದು ಹಳೇ ಪೈಪು, ಪಾಯಕ್ಕೆ ಅಡ್ಡ ಬರುತ್ತೆ. ಪಕ್ಕದಲ್ಲಿ ಹೊಸದು ಹಾಕಿಸಿಕೊಡ್ತೀನಿ.”

ಪಾಪಮ್ಮ ಅವನ ಮುಖವನ್ನೇ ನೋಡಿದರು. ನಂಬಿದಂತೆ ಕಾಣಲಿಲ್ಲ, ಬಾಗಿಲಿಂದ ಸರಿಯಲೂ ಇಲ್ಲ.

“ಹಾಕ್ಸಿ,” ಎಂದರು ಕೊನೆಗೆ. “ಆದ್ರೆ ಈ ಸಲ ಹಗಲೊತ್ನಲ್ಲಿ ಹಾಕ್ಸಿ ಮೇಷ್ಟ್ರೇ. ನಿಮ್ಮ ಬೀದಿಯೋರೆಲ್ಲ ಎದ್ಮೇಲೆ.”